ದ್ವೀಪದ ಮರಳಿನಲ್ಲಿ ತೋಡಿದ ವರತಿ

ಜನರನ್ನು ದ್ವೀಪಕ್ಕೆ ಮುಟ್ಟಿಸುವುದು ದೊಡ್ಡ ಕೆಲಸವಲ್ಲ, ಅದನ್ನು ದೋಣಿಯವನು ಮಾಡುತ್ತಾನೆ. ಇಳಿದ ಮೇಲೆ, ದೋಣಿ ಮತ್ತೆ ಬರುವ ತನಕ, ಅವರಿಂದ ಏನು ಮಾಡಿಸುವುದು ಎಂಬುದು ನನ್ನ ಪಾಲಿನ ಕೆಲಸ. ಗಂಗಾವತಿಯಲ್ಲಿ ಕೂತು ಹೆಂಗಸರ ಪ್ರವಾಸ ನಡೆಸುವ ನನಗೆ ಗುಡಿಗಳ ವಿಷಯದಲ್ಲಿ ಈ ತಲೆನೋವಿಲ್ಲ. ಸಾಲಿನಲ್ಲಿ ನಿಲ್ಲಬೇಕು, ದರ್ಶನ ಆಗಬೇಕು, ಪ್ರಸಾದ ಉಣ್ಣಬೇಕು, ಹೊರಗೆ ಬಂದು ಬಳೆ ಕೊಳ್ಳಬೇಕು. ಹೊತ್ತು ತಾನಾಗಿ ಹೋಗುತ್ತದೆ. ದ್ವೀಪದಲ್ಲಿ ಸಾಲೂ ಇಲ್ಲ, ಬಳೆ ಅಂಗಡಿಯೂ ಇಲ್ಲ. ಅಲ್ಲಿಯ ಪ್ರತಿ ಗಳಿಗೆಯನ್ನೂ ನಾನೇ ತುಂಬಬೇಕು.

ಹನುಮಸಾಗರದ ಹತ್ತಿರದ ಒಂದು ಊರಿನಿಂದ ಅಂಗನವಾಡಿ ಟೀಚರು ಫೋನ್ ಮಾಡಿ, "ಅಕ್ಕಾರ, ಈ ಸಲ ಗುಡಿ ಬ್ಯಾಡ್ರಿ, ಸಮುದ್ರ ತೋರಸ್ರಿ" ಅಂದಾಗ ನಾನು ದಂಡೆಯ ಮೇಲಿನ ಒಂದೆರಡು ಊರುಗಳ ಹೆಸರು ಹೇಳಿದೆ.

"ದಂಡಿ ಅಲ್ರಿ, ನಡುಗಡ್ಡಿ. ನಾಕೂ ಕಡಿ ನೀರು ಇರಬೇಕು. ನಮ್ಮ ಆಯಿ ಹಟ ಹಿಡದ್ ಕುಂತಾಳ."

ಆಯಿ ಎಂದರೆ ಅವರ ಉಳಿತಾಯ ಗುಂಪಿನ ಹಿರಿಯ ಹೆಂಗಸು. ಎಪ್ಪತ್ತರ ಆಸುಪಾಸು. ಗುಂಪಿನಲ್ಲಿ ಯಾರ ಮನೆಯ ಜಗಳ ಇರಲಿ, ಯಾರ ಮಗಳ ಮದುವೆ ಇರಲಿ, ಆಕೆಯ ಮಾತೇ ಕೊನೆಯ ಮಾತು. ಒಂದೇ ದ್ವೀಪಕ್ಕಾಗಿ ಇಷ್ಟು ಹಟ ಯಾಕೆ ಎಂದು ತಿಳಿಯಲು ನಾನೇ ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ ಆಯಿ ನನ್ನ ಕಡೆ ಮುಖ ತಿರುಗಿಸಿದಳು. ಬರೀ ಕಣ್ಣು ಹೊರಳಿಸಲಿಲ್ಲ, ಇಡೀ ಮುಖವನ್ನೇ ತಿರುಗಿಸಿದಳು. ಕೊಪ್ಪಳದ ಕಣ್ಣಿನ ಡಾಕ್ಟರು ಹೇಳಿದ್ದರಂತೆ: ಅಕ್ಕಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ನಡುವೆ ಉಳಿದದ್ದೂ ದಿನದಿಂದ ದಿನಕ್ಕೆ ಕುಗ್ಗುತ್ತದೆ. ಆಕೆ ಕೊಳವೆಯೊಳಗಿಂದ ನೋಡಿದ ಹಾಗೆ ಲೋಕವನ್ನು ನೋಡುತ್ತಿದ್ದಳು.

"ಗಂಡನ ಮನಿಗೆ ಬಂದಾಗಿಂದ ನೀರಿನ ಬೆನ್ನ ಹತ್ತಿ ತಿರಗೇನವ್ವ" ಅಂದಳು. "ಹಳ್ಳಕ್ಕ ಹೋಗು, ವರತಿ ತೋಡು, ಬಟ್ಟಲಲೆ ತುಂಬು, ಕೊಡ ಹೊತ್ತು ಬಾ. ಇದ ಆತು ಜೀವಮಾನ. ಒಂದ್ಸಲ ನೀರು ನನ್ನ ಸುತ್ತ ಇರಲಿ. ನಡುವ ನಿಂತು ನೋಡ್ತೇನಿ. ಕಣ್ಣು ಪೂರಾ ಹೋಗೂದ್ರಾಗ."

ಒಳಗಿನಿಂದ ಸೊಸೆಯ ದನಿ ಬಂತು. "ನೋಡಿ ಬಂದ ಮ್ಯಾಲೆ ನಳ ಬಂದಾಗ ಒಂದು ಕೊಡ ಹಿಡದ ಇಡ್ರಿ ಅತ್ತಿ. ನಮಗೂ ನೀರು ನೋಡಿದಂಗ ಆಕ್ಕೈತಿ."

"ಕೇಳಿದೇನವ್ವ? ಇಂಥಾಕಿ ಕೂಡ ಬಾಳೇವು ಮಾಡಬೇಕು ನಾ" ಎಂದು ಆಯಿ ನಕ್ಕಳು. ಹೆಂಗಸರ ಪ್ರವಾಸದ ಕೆಲಸದಲ್ಲಿ ನನಗೆ ಬೇಗ ಕರಗುವ ಮನಸ್ಸಿಲ್ಲ, ಕರಗಿದರೆ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ. ಆದರೂ ಆವತ್ತು ವಾಪಸ್ ಬರುವಾಗ ಇಡೀ ದಾರಿ ಆಕೆಯ ಮಾತೇ ತಲೆಯಲ್ಲಿತ್ತು. ಈ ಮುದುಕಿಗೆ ನಾಲ್ಕೂ ದಿಕ್ಕಿನ ನೀರು ತೋರಿಸಬೇಕು ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಕಾರವಾರದ ಕಡೆಯ ಒಂದು ಗುಡ್ಡದ ದ್ವೀಪ ನನಗೆ ಗೊತ್ತಿತ್ತು. ಕೆಳಗೆ ಸಣ್ಣ ಮರಳು ದಂಡೆ, ಹಿಂದೆ ಕೇದಗೆಯ ಪೊದೆ, ಮೇಲೆ ಹಾಳು ಬಿದ್ದ ಗೋಡೆಯ ಬಯಲು. ಆ ಬಯಲಲ್ಲಿ ನಿಂತರೆ ಸುತ್ತ ನೀರು ಕಾಣುತ್ತದೆ, ಕೆಳಗಿನಿಂದ ಒಂದೇ ದಿಕ್ಕು. ಊರವರು, ಅಂಗಡಿ, ನಳ ಯಾವುದೂ ಇಲ್ಲ. ದೋಣಿಯಾತನಿಗೆ ಫೋನ್ ಮಾಡಿದೆ. ಅಲ್ಲಿ ಇಳಿಯುವ ಜಾಗ ಕಲ್ಲುಗಳ ನಡುವಿನ ಒಂದು ಓಣಿ ಎಂದ ಆತ. ಬೆಳಗಿನ ಭರತದಲ್ಲಿ, ಅಂದರೆ ಕಡಲು ಏರಿದ್ದಾಗ, ದೋಣಿ ಒಳಗೆ ಹೋಗುತ್ತದೆ. ನೀರು ಇಳಿದರೆ ಕಲ್ಲು ಮೇಲೇಳುತ್ತವೆ, ಮತ್ತೆ ಏರುವ ತನಕ ದೋಣಿ ಹತ್ತಿರ ಬರುವಂತಿಲ್ಲ. "ಬೆಳಗ್ಗೆ ಇಳಿದ್ರೆ ಸಂಜೆ ಮುಂದೇ ಬರೂದು ನಾನು. ನಡುವೆ ಕರೆದ್ರೂ ಬರೂಕಾಗೂದಿಲ್ಲ, ಈಗ್ಲೇ ಹೇಳ್ತೆ" ಎಂದು ಎರಡು ಸಲ ಹೇಳಿದ.

ಅಂದರೆ ಇಡೀ ಹಗಲನ್ನು ನಾನು ತುಂಬಬೇಕು. ಇಳಿದ ಕೂಡಲೇ ಗಂಗವ್ವನ ಪೂಜೆ, ಆಮೇಲೆ ನಾಷ್ಟಾ. ಬಿಸಿಲೇರುವ ಮುಂಚೆ ಗುಡ್ಡ ಹತ್ತಿ ನಾಲ್ಕು ದಿಕ್ಕು ನೋಡುವುದು. ಇಳಿದು ಬಂದು ನೆರಳಲ್ಲಿ ಬುತ್ತಿ, ಹಾಡು, ಒಂದು ನಿದ್ದೆ. ಕಡೆಗೆ ಕಾಲು ತೋಯಿಸಿಕೊಂಡು ಚಿಪ್ಪು ಆರಿಸುವುದು. ಪಾಯಖಾನೆ ಇಲ್ಲದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ ಎಂದು ಅನುಭವದಿಂದ ಗೊತ್ತಿತ್ತು. ಅದಕ್ಕೆ ನಾಲ್ಕು ಬಿದಿರು ಗಳ, ಎರಡು ದಪ್ಪ ಪರದೆ, ಒಂದು ಸಲಿಕೆ ತಗೊಂಡೆ. ನೀರಿಗೆ ದೊಡ್ಡ ಕ್ಯಾನುಗಳನ್ನು ಲೆಕ್ಕಕ್ಕಿಂತ ಹೆಚ್ಚೇ ಹಾಕಿದೆ. ನನ್ನ ಹೆಗಲ ಚೀಲದಲ್ಲಿ ಎರಡು ಬಾಟಲಿ ನೀರು, ಸಕ್ಕರೆ-ಉಪ್ಪಿನ ಪುಡಿಯ ಪೊಟ್ಟಣ, ಗಾಯದ ಪಟ್ಟಿ, ಸೀಟಿ ಸದಾ ಇರುತ್ತವೆ. ಆ ಎರಡು ಬಾಟಲಿ ಬಿದ್ದವರಿಗೆ ಮಾತ್ರ, ಬಾಯಾರಿದವರಿಗಲ್ಲ. ಇದು ನಾನೇ ನನಗೆ ಹಾಕಿಕೊಂಡ ಕಟ್ಟಳೆ, ಎಂದೂ ಮುರಿದಿರಲಿಲ್ಲ.

ಹೋಗುವ ಮುಂಚೆ ಒಂದು ದಿನ ಎಲ್ಲರನ್ನೂ ಗಂಗಾವತಿಗೆ ಕರೆಸಿ ಹೊಳೆಯಲ್ಲಿ ಅಭ್ಯಾಸ ಮಾಡಿಸಿದೆ. ದೋಣಿ ಕಂಡರಿಯದವರು, ಹರಿಗೋಲಿನಲ್ಲಾದರೂ ಹತ್ತಿ ಇಳಿದು ಕಲಿಯಲಿ ಎಂದು. ಸೀರೆಯ ನೆರಿಗೆ ಎತ್ತಿ ಕಟ್ಟಬೇಕು, ಹರಿಗೋಲಿನ ನಡುವೆ ಕಾಲಿಡಬೇಕು, ಒಬ್ಬರು ಕೂತ ಮೇಲೆ ಇನ್ನೊಬ್ಬರು. ಮೊದಲು ಕಿರುಚಾಟ, ಆಮೇಲೆ ನಗು, ಕಡೆಗೆ ಸೊಸೆ ಹುಟ್ಟನ್ನು ಅಂಬಿಗನ ಕೈಯಿಂದ ಕಸಿದುಕೊಳ್ಳುವ ತನಕ ಹೋಯಿತು. ಹೊಳೆಯ ನಡುವಿನ ಗಡ್ಡೆಯಲ್ಲಿ ಇಳಿದು ಉಂಡೆವು. ಹೊಳೆಯ ನೀರು ರಾಡಿಯಾಗಿತ್ತು. ಆಯಿ ದಂಡೆಯಿಂದ ನಾಲ್ಕು ಮಾರು ಹಿಂದೆ ಸರಿದು, ಮರಳಿಗೆ ಕೈ ಹಚ್ಚಿ ನೋಡಿ, ಒಂದು ಜಾಗ ತೋರಿಸಿದಳು. ಹೆಂಗಸರು ಬರಿಗೈಯಿಂದ ತೋಡಿದರು. ಸ್ವಲ್ಪ ಹೊತ್ತಿಗೆ ತಿಳಿ ನೀರು ಜಿನುಗಿತು. ಮರಳು ರಾಡಿಯನ್ನೆಲ್ಲ ಸೋಸಿ ತಿಳಿಯನ್ನು ಕೊಡುತ್ತದೆ, ಇದೇ ವರತಿ. ನಾನೂ ಬೊಗಸೆ ಹಿಡಿದು ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಹೊರಡುವಾಗ ಆಯಿ ಗುಂಡಿಯ ಅಂಚಿನಲ್ಲಿ ಒಂದು ತೆಂಗಿನ ಚಿಪ್ಪು ಇಟ್ಟಳು. ಹಿಂದಿನಿಂದ ಬರುವವರಿಗೆ ಬೇಕಲ್ಲ ಎಂದು. ವರತಿಯನ್ನು ಯಾರೂ ಮುಚ್ಚುವುದಿಲ್ಲ, ಅದು ನಮ್ಮ ಕಡೆಯ ಪದ್ಧತಿ.

ಅವರ ಶಿಸ್ತು ನೋಡಿ ಖುಷಿಯಾಗಿ ನಾನು ಎಲ್ಲರೆದುರು ಒಂದು ಮಾತು ಆಡಿದೆ. "ಇಲ್ಲಿ ಹ್ಯಾಂಗ ಮಾಡಿದ್ರಿ, ಅಲ್ಲೂ ಹಂಗ ಮಾಡ್ರಿ. ಅಷ್ಟ ಸಾಕು ನನಗ." ನಾನು ಹೇಳಿದ್ದು ದೋಣಿ ಹತ್ತಿ ಇಳಿಯುವುದರ ಬಗ್ಗೆ.

ಚಳಿಗಾಲ ಮುಗಿಯುವ ಹೊತ್ತಿಗೆ ಹೋದೆವು. ಬಂದರು ಮುಟ್ಟಿದಾಗ ಆಗಷ್ಟೇ ಬೆಳಕು ಹರಿದಿತ್ತು. ಶ್ರೀರಾಮನಗರದ ನಮ್ಮ ಡ್ರೈವರು ಸಾಮಾನು ಇಳಿಸಿದ. ನಾನು ತೇಲುವ ಜಾಕೀಟುಗಳನ್ನು ತರಲು ದೋಣಿಯವರ ಗುಡಿಸಲ ಕಡೆ ಹೋದೆ. ಹರಿದವು, ಪಟ್ಟಿ ಇಲ್ಲದವು ಬೇಡ ಎಂದು ಒಂದೊಂದನ್ನೂ ಎಳೆದು ನೋಡಿ ಆರಿಸುವುದರಲ್ಲಿ ಹೊತ್ತಾಯಿತು. ಬರುವಷ್ಟರಲ್ಲಿ ಹೆಂಗಸರು ದೋಣಿಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದರು. ಸಾಮಾನಿನ ಮೇಲೆ ತಾಡಪಾಲು ಹೊದಿಸಿತ್ತು. ದೋಣಿಯಾತ ಇಳಿತ ಶುರುವಾಗುತ್ತದೆ ಎಂದು ಅವಸರ ಮಾಡುತ್ತಿದ್ದ. ಜಾಕೀಟು ತೊಡಿಸಿ, ಗಂಟು ನೋಡಿ, ಹತ್ತಿ ಕೂತೆ.

ದ್ವೀಪದಲ್ಲಿ ಇಳಿಯುವುದು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಆಯಿತು. ಯಾರೂ ಜಾರಲಿಲ್ಲ. ದೋಣಿ ಹಿಂದಕ್ಕೆ ಹೋಯಿತು. ಅರಿಶಿನ, ಕುಂಕುಮ, ಹಸಿರು ಬಳೆ, ಕುಪ್ಪಸದ ಖಣ ಎಲ್ಲವನ್ನೂ ಅಲೆಗೆ ಏರಿಸಿ ಗಂಗವ್ವನಿಗೆ ಉಡಿ ತುಂಬಿದರು. ಆಯಿ ಮೊಣಕಾಲುದ್ದ ನೀರಲ್ಲಿ ನಿಂತು, ಅಲೆ ಬಂದು ಸೀರೆ ತೋಯಿಸಿದಾಗಲೆಲ್ಲ "ಬಾರವ್ವ, ಬಾ" ಎನ್ನುತ್ತಿದ್ದಳು. ಆಗ ನನ್ನ ಫೋನ್ ಬಡಿಯಿತು. ಡ್ರೈವರು.

"ಅಕ್ಕಾ, ನೀರಿನ ಕ್ಯಾನ್ ಎಲ್ಲಾ ಇಲ್ಲೇ ದಂಡಿ ಮ್ಯಾಲ ಅದಾವ. ನಾ ಚಾ ಕುಡ್ಯಾಕ ಹೋಗಿದ್ದೆ. ಮರ್ತು ಹೋದ್ರೇನ್ರಿ?"

ಹೆಂಗಸರು ಸಾಮಾನನ್ನು ದಂಡೆಗೆ ಇಳಿಸಿ ಮತ್ತೆ ಹೊದಿಸಿದ್ದ ತಾಡಪಾಲು ಎತ್ತಿ ನೋಡಿದೆ. ರೊಟ್ಟಿಯ ಬುಟ್ಟಿಗಳಿದ್ದವು, ಮೊಸರಿನ ಗಡಿಗೆ, ಅನ್ನದ ಡಬರಿ, ಸವತೆಕಾಯಿಯ ಚೀಲ, ಚಟ್ನಿಯ ಡಬ್ಬಿಗಳು, ಪರದೆ, ಗಳ ಎಲ್ಲ ಇದ್ದವು. ನೀರಿನ ಕ್ಯಾನು ಒಂದೂ ಇರಲಿಲ್ಲ.

ಟೀಚರನ್ನು ಕರೆದು ಕೇಳಿದೆ. ಅವರು ಆರಾಮಾಗಿ ಹೇಳಿದರು. ದೋಣಿಯಾತ ಭಾರ ಜಾಸ್ತಿ ಆಯ್ತು, ಏನಾದರೂ ಇಳಿಸಿ ಅಂದನಂತೆ. ಏನು ಇಳಿಸುವುದು ಎಂದು ಎಲ್ಲರೂ ಆಯಿಯ ಮುಖ ನೋಡಿದರಂತೆ. "ರೊಟ್ಟಿ ಬಿಟ್ರ ಅಲ್ಲಿ ರೊಟ್ಟಿ ಸಿಗತೈತೇನು? ನೀರು ಇಳಸ್ರಿ. ಮರಳೈತಿ, ನೀರೈತಿ, ವರತಿ ತೋಡಿದ್ರಾತು" ಎಂದು ಆಯಿ ತೀರ್ಪು ಕೊಟ್ಟಳಂತೆ.

"ಸಮುದ್ರ ಉಪ್ಪು ಅಂತ ಗೊತ್ತಿಲ್ಲೇನ್ರಿ ನಿಮಗ?" ಎಂದೆ. ಬೇಡವೆಂದರೂ ನನ್ನ ದನಿ ಏರಿತ್ತು.

ಆಯಿಯೇ ಉತ್ತರ ಕೊಟ್ಟಳು. "ಗೊತ್ತೈತಿ ತಗೋ. ಹೊಳಿ ನೀರು ರಾಡಿ ಇತ್ತು, ಮರಳು ಸೋಸಿ ಕೊಡಲಿಲ್ಲೇನು? ನೀನೂ ಕುಡದಿ. ಉಪ್ಪನ್ನೂ ಸೋಸತೈತಿ. ಅಲ್ಲಿ ಮಾಡಿದಂಗ ಇಲ್ಲೂ ಮಾಡ್ರಿ ಅಂದಾಕಿ ನೀನ ಅಲ್ಲೇನು?"

ಮಾತು ನನ್ನದೇ. ಸಲಿಕೆ ಕೊಟ್ಟೆ.

ಮೊದಲ ಗುಂಡಿಯನ್ನು ಅಲೆಯ ಅಂಚಿನಿಂದ ನಾಲ್ಕು ಮಾರು ಹಿಂದೆ ತೋಡಿದರು. ನೀರು ಕೂಡಲೇ ಬಂತು, ತಿಳಿಯಾಗಿಯೂ ಇತ್ತು. ಆಯಿ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ, ಉಗುಳಲು ನಾಚಿಕೆಯಾದವಳಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿದಳು. "ಇಲ್ಲಿ ಬ್ಯಾಡ, ಮ್ಯಾಲ ನಡೀರಿ." ದಂಡೆಯ ನಡುವೆ ತೋಡಿದ ಎರಡನೆಯದೂ ಅದೇ ಉಪ್ಪು. ಅಷ್ಟರಲ್ಲಿ ನಾನು ದೋಣಿಯಾತನಿಗೆ ಫೋನ್ ಹಚ್ಚಿದ್ದೆ. ಆತ ಬೇರೆ ಗುಂಪನ್ನು ಹತ್ತಿಸಿಕೊಂಡು ಹೊಳೆಬಾಯಿಯ ಆಚೆ ಹೋಗಿದ್ದ. "ನೀರು ಇಳೀತಾ ಅದೆ, ಕಲ್ಲು ಬಂತು ಮೇಲೆ. ಅಲೆ ಒಡೀತದೆ ಅಲ್ಲಿ, ಹತ್ರ ಬಂದ್ರೆ ದೋಣಿ ಹೋಳಾಗ್ತದೆ. ಏರೂ ತನಕ ತಡೀರಿ. ಬರೂವಾಗ ನೀರಿನ ಕ್ಯಾನ್ ಎಲ್ಲ ಹಾಕ್ಕೊಂಡೇ ಬರ್ತೆ." ನನಗೆ ಮೊದಲೇ ಹೇಳಿದ್ದನ್ನೇ ಹೇಳಿದ, ತಪ್ಪು ಹುಡುಕಲು ಜಾಗ ಇರಲಿಲ್ಲ.

ಹೆದರಿಕೆ ಆಯಿತು. ಕಡಲ ಬಿಸಿಲು ನಮ್ಮ ಬಿಸಿಲಿನಂತಲ್ಲ. ನಮ್ಮಲ್ಲಿ ಬೆವರು ಆರುತ್ತದೆ, ಅಲ್ಲಿ ಮೈಮೇಲೇ ಕೂರುತ್ತದೆ. ಎರಡು ಡಜನ್ ಹೆಂಗಸರು, ಒಂದಿಬ್ಬರಿಗೆ ಬಿಪಿ, ಮೇಲೆ ಇಡೀ ಹಗಲು. ನಾನು ಸೀಟಿ ಊದಿ ಎಲ್ಲರನ್ನೂ ಕೇದಗೆಯ ನೆರಳಿಗೆ ಕರೆದೆ. ಅವರವರ ಚೀಲದಲ್ಲಿದ್ದ ಬಾಟಲಿಗಳನ್ನು ತೆಗೆಸಿದೆ. ಹೆಚ್ಚಿನವು ಬಸ್ಸಿನಲ್ಲೇ ಬರಿದಾಗಿದ್ದವು, ಒಂದಷ್ಟರಲ್ಲಿ ತಳ ಮುಚ್ಚುವಷ್ಟು ಇತ್ತು. ಎಲ್ಲವನ್ನೂ ಕೂಡಿಸಿ ಟೀಚರ ವಶಕ್ಕೆ ಕೊಟ್ಟು, ಮುಚ್ಚಳದ ಅಳತೆಯಲ್ಲಿ ಮಾತ್ರ ಹಂಚಬೇಕು ಎಂದೆ. ಒಣಗಿದ ಕಟಕ ರೊಟ್ಟಿ ಬಂದ್, ಶೇಂಗಾ ಚಟ್ನಿ ಬಂದ್, ಕೆಂಪು ಖಾರದ ಡಬ್ಬಿ ನನ್ನ ಕೈಗೆ. ಮೊಸರನ್ನ ಮತ್ತು ಸವತೆಕಾಯಿ ಮಾತ್ರ ಊಟ. ಹಾಡು ಬೇಡ, ಆಟ ಬೇಡ, ಮಾತೂ ಕಡಿಮೆ.

"ಖಾರ ಇಲ್ಲದ ಉಂಡ್ರ ಉಂಡಂಗ ಆಕ್ಕೈತೇನ್ರಿ?" ಎಂದು ಒಬ್ಬಳು ಗೊಣಗಿದಳು.

"ಆಗಂಗಿಲ್ಲ. ಆದ್ರ ಬದುಕಿದಂಗ ಆಕ್ಕೈತಿ" ಎಂದೆ. ಯಾರೂ ನಗಲಿಲ್ಲ.

ಇನ್ನೊಂದನ್ನೂ ಹೇಳಬೇಕಿತ್ತು, ಹೇಳಿದೆ. "ಗುಡ್ಡ ಹತ್ತೂದು ಇಲ್ಲ. ಯಾರೂ ಹತ್ತಬಾರದು." ಹತ್ತಿದರೆ ಬೆವರು, ಬೆವರಿದರೆ ನೀರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈ ಪ್ರವಾಸ ಹುಟ್ಟಿದ್ದೇ ಆ ಗುಡ್ಡದ ತುದಿಗಾಗಿ. ನಾನು ಆಯಿಯ ಕಡೆ ನೋಡಲಿಲ್ಲ.

ಆಮೇಲೆ ಗೊಣಗಾಟ ಶುರುವಾಯಿತು. ಅಲ್ಲಿಯ ತನಕ ಆಯಿಯ ಮಾತಿಗೆ ಎದುರು ಆಡದವರು ಈಗ ಆಕೆಗೆ ಕೇಳುವಂತೆ ಆಡತೊಡಗಿದರು. "ವಯಸ್ಸಾದವರ ಮಾತು ಕೇಳಿದ್ರ ಹಿಂಗ ನೋಡು." "ಕಣ್ಣು ಕಾಣದವರ ಕೈಯಾಗ ಕಾರಭಾರ." ಸೊಸೆ ಮಾತ್ರ, ಸದಾ ಚುಚ್ಚಿ ಮಾತಾಡುವವಳು, ತುಟಿ ಬಿಗಿಹಿಡಿದು ಕೂತಿದ್ದಳು. ಆಯಿ ಎದ್ದು ಸಲಿಕೆ ಹಿಡಿದು ಗುಡ್ಡದ ಬುಡಕ್ಕೆ, ಕೇದಗೆಯ ಬೇರಿನ ಹತ್ತಿರ ಹೋದಳು. ಕೂತಲ್ಲೇ ಮೂರನೆಯ ಗುಂಡಿ ತೋಡಲು ಶುರು ಮಾಡಿದಳು. ನಾನು ಬೇಡ ಎಂದೆ, ಬೆವರುತ್ತೀಯ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಸೊಸೆ ಹೋಗಿ ಸಲಿಕೆ ಕಸಿದುಕೊಂಡು ತಾನು ತೋಡಿದಳು.

ಆ ಗುಂಡಿಯ ನೀರು ಬೇರೆಯಾಗಿತ್ತು. ಉಪ್ಪಲ್ಲ, ಸಿಹಿಯೂ ಅಲ್ಲ, ಸವಳು. ಗುಡ್ಡದಿಂದ ಇಳಿದ ಮಳೆನೀರು ಸ್ವಲ್ಪ ಉಳಿದಿದ್ದಿರಬಹುದು. ಆಯಿ ನಾಲಿಗೆಗೆ ಹಚ್ಚಿ ನೋಡಿ, "ನಮ್ಮೂರ ಹಳೇ ಬೋರಿನಂಗ ಐತಿ" ಎಂದಳು. ಅದು ಕೇಳಿ ಇಬ್ಬರು ಬೊಗಸೆ ಹಿಡಿದು ಓಡಿ ಬಂದರು. ನಾನು ಅಡ್ಡ ನಿಂತೆ. ಎಷ್ಟು ಉಪ್ಪಿದೆ ಎಂದು ಅಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಬಾಯಾರಿದ ಹೊಟ್ಟೆಗೆ ಅದು ಹೋದರೆ ಇನ್ನಷ್ಟು ಬಾಯಾರಿಕೆ, ಇಲ್ಲವೇ ವಾಂತಿ. ಕುಡಿಯುವಂತಿಲ್ಲ, ಮೈಗೆ ಮಾತ್ರ ಎಂದು ಕಟ್ಟುನಿಟ್ಟು ಮಾಡಿದೆ. ಸೆರಗು ತೋಯಿಸಿ ತಲೆಗೆ ಹೊದ್ದುಕೊಂಡರು, ಕುತ್ತಿಗೆಗೆ, ಮೊಣಕೈಗೆ ಹಚ್ಚಿಕೊಂಡರು. ಅಷ್ಟಕ್ಕೇ ಮುಖಗಳು ಸ್ವಲ್ಪ ಅರಳಿದವು. ಗೊಣಗಾಟವೂ ನಿಂತಿತು. ಆಯಿಯ ಮುಖ ಮಾತ್ರ ಹಾಗೇ ಇತ್ತು. ಕುಡಿಯಲು ಬಾರದ ವರತಿ ಆಕೆಯ ಲೆಕ್ಕದಲ್ಲಿ ವರತಿಯೇ ಅಲ್ಲ.

ಮಧ್ಯಾಹ್ನ ಇಳಿಯುತ್ತಿದ್ದಾಗ ಹೆಚ್ಚಿನವರು ತೋಯ್ದ ಸೆರಗು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಕಡಲು ಪೂರಾ ಹಿಂದೆ ಸರಿದಿತ್ತು. ಕಲ್ಲುಗಳು ಕಪ್ಪಗೆ ಎದ್ದು ನಿಂತಿದ್ದವು. ಸೊಸೆ ನನ್ನ ಪಕ್ಕಕ್ಕೆ ಬಂದು ಕೂತಳು.

"ಅಕ್ಕಾರ, ಆಕಿ ಬಾಯಿ ಬಿಟ್ಟು ಕೇಳಂಗಿಲ್ಲ."

"ಗೊತ್ತು."

"ದೋಣಿ ಬರೂ ಹೊತ್ತಿಗೆ ಹೊತ್ತು ಇಳೀತೈತಿ. ನಮಗ ಬೆಳಕಿದ್ರೂ ಆಕೀಗೆ ಕತ್ತಲಿ. ಸಂಜೀ ಮುಂದ ಮನ್ಯಾಗ ಬಾಗಲಾ ಕೈಲೇ ಹುಡಕತಾಳ." ಗುಡ್ಡದ ತುದಿಯ ಕಡೆ ಗದ್ದ ಎತ್ತಿ ಹೇಳಿದಳು, "ಮುಂದಿನ ವರ್ಷ ಕರ್ಕೊಂಡು ಬಂದ್ರ ಏನ್ ತೋರಸ್ತೀರಿ?"

ನಾನು ನನ್ನ ಚೀಲವನ್ನು ಮುಟ್ಟಿ ನೋಡಿಕೊಂಡೆ. ಎರಡು ಬಾಟಲಿ. ಬಿದ್ದವರಿಗೆ ಮಾತ್ರ. ಇಲ್ಲಿಯ ತನಕ ಯಾರೂ ಬಿದ್ದಿರಲಿಲ್ಲ, ಆದರೆ ದೋಣಿ ಬರಲು ಇನ್ನೂ ಹೊತ್ತಿತ್ತು. ಗುಡ್ಡದ ಮೇಲೆ ಆಯಿಯೇ ಬಿದ್ದರೆ? ಕೆಳಗೆ ಇನ್ನೊಬ್ಬಳು ಬಿದ್ದರೆ? ಕಟ್ಟಳೆಯ ಪ್ರಕಾರ ಉತ್ತರ ಸುಲಭ. ಆದರೆ ಆಕೆಯನ್ನು ಹೀಗೇ ದೋಣಿ ಹತ್ತಿಸಿದರೆ ಕ್ಷೇಮವಾಗಿ ಊರು ಮುಟ್ಟಿಸಿದೆ ಅನ್ನಬಹುದು, ದ್ವೀಪಕ್ಕೆ ಕರೆದೊಯ್ದೆ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಬರೀ ದಂಡೆ ನೋಡುವುದಿದ್ದರೆ ಆಕೆ ಬಂದರಿನಲ್ಲೇ ನಿಲ್ಲಬಹುದಿತ್ತು.

ಟೀಚರನ್ನು ಎಬ್ಬಿಸಿ ಒಂದು ಬಾಟಲಿ, ಪುಡಿಯ ಪೊಟ್ಟಣಗಳು ಮತ್ತು ನನ್ನ ಸೀಟಿಯನ್ನು ಕೊಟ್ಟೆ. ಯಾರಿಗಾದರೂ ತಲೆ ಸುತ್ತಿದರೆ ಹೇಗೆ ಕಲಸಬೇಕು, ಎಷ್ಟು ಕೊಡಬೇಕು ಎಂದು ಹೇಳಿ, ಏನಾದರೂ ಆದರೆ ಸೀಟಿ ಊದಿರಿ ಎಂದೆ. ಸವಳು ಗುಂಡಿಯ ಪಕ್ಕದಲ್ಲೇ ಕೂತಿದ್ದ ಆಯಿಯ ಎದುರು ನಿಂತು, "ಏಳು ಆಯಿ, ಮ್ಯಾಲ ಹೋಗೂಣು" ಎಂದೆ.

"ಯಾರೂ ಹತ್ತಬಾರದು ಅಂದಿ."

"ಅಂದಿದ್ದೆ. ಈಗ ಹತ್ತೂಣು ಅಂತೀನಿ."

"ನನ್ನ ಪಾಲಿನ ನೀರು ಅವರು ಕುಡೀಲಿ. ನಾ ಮಾಡಿದ್ದು, ನಾ ಉಣ್ಣಬೇಕು."

ಸೊಸೆ ಆಯಿಯ ಸೆರಗನ್ನು ಗುಂಡಿಯಲ್ಲಿ ಅದ್ದಿ ತಲೆಯ ಮೇಲೆ ಹೊದಿಸಿದಳು. "ಸಾಕು ಏಳ್ರಿ ಅತ್ತಿ. ಇಲ್ಲಿ ಕುಂತು ಇನ್ನೆಷ್ಟು ತೋಡ್ತೀರಿ, ಪಾತಾಳ ಬರತೈತಿ."

ಹತ್ತಿದೆವು. ಹಳೆಯ ಮೆಟ್ಟಿಲುಗಳು ಕಿತ್ತು ಹೋಗಿದ್ದವು. ಸೊಸೆ ಮುಂದೆ, ನಡುವೆ ಆಯಿ, ಹಿಂದೆ ನಾನು. ಆಯಿ ಕಾಲ ಬುಡವನ್ನು ನೋಡಬೇಕಾದರೆ ತಲೆ ಪೂರಾ ಬಗ್ಗಿಸಬೇಕಿತ್ತು, ಬಗ್ಗಿಸಿದರೆ ಮುಂದಿನ ಟೊಂಗೆ ಕಾಣುತ್ತಿರಲಿಲ್ಲ. ಅದಕ್ಕೆ ಸೊಸೆ ಒಂದೊಂದು ಹೆಜ್ಜೆಗೂ ಹೇಳುತ್ತಿದ್ದಳು. "ಕಲ್ಲು ಐತ್ರಿ, ಎತ್ತರ ಇಡ್ರಿ. ಈಗ ಸಪಾಟ. ಈಗ ನಿಂದ್ರಿ, ಉಸರ ತಗೋರಿ." ಮನೆಯಲ್ಲಿ ಇವರಿಬ್ಬರ ಜಗಳವನ್ನು ಊರೇ ಕೇಳುತ್ತದೆ ಎಂದು ಟೀಚರು ಹೇಳಿದ್ದರು. ಹಾಗಿದ್ದೂ ಈಕೆಗೆ ಆಯಿಯ ಕಣ್ಣಿನ ಅಳತೆ ಇಷ್ಟು ಸರಿಯಾಗಿ ಗೊತ್ತಿತ್ತು. ನೆರಳು ಸಿಕ್ಕಲ್ಲೆಲ್ಲ ನಿಂತೆವು. ಬಾಟಲಿ ಮುಂದೆ ಹಿಡಿದರೆ ಆಯಿ ತಲೆ ಅಲ್ಲಾಡಿಸುತ್ತಿದ್ದಳು.

ಮೇಲಿನ ಬಯಲಿಗೆ ಬಂದಾಗ ಗಾಳಿ ಬಡಿಯಿತು. ಆಯಿಯನ್ನು ನಡುವೆ ನಿಲ್ಲಿಸಿ ಭುಜ ಹಿಡಿದು ಪಡುವಣಕ್ಕೆ ಮುಖ ಮಾಡಿಸಿದೆ. ಆಕೆ ಕಣ್ಣನ್ನು ಸಣ್ಣದು ಮಾಡಿ, ತಲೆಯನ್ನು ಇಷ್ಟಿಷ್ಟೇ ಹೊರಳಿಸುತ್ತ, ಅಕ್ಕಿ ಆರಿಸುವ ಹಾಗೆ ಕಡಲನ್ನು ಚೂರು ಚೂರಾಗಿ ನೋಡಿದಳು.

"ಇದಕ್ಕ ಆಚಿ ದಂಡಿ ಇಲ್ಲೇನು?"

"ಐತಿ. ಕಾಣಂಗಿಲ್ಲ."

"ನನಗಷ್ಟ ಕಾಣಂಗಿಲ್ಲೋ, ನಿನಗೂ ಕಾಣಂಗಿಲ್ಲೋ?"

"ಯಾರಿಗೂ ಕಾಣಂಗಿಲ್ಲ ಆಯಿ."

ಆ ಮಾತು ಆಕೆಗೆ ಭಾಳ ಸಮಾಧಾನ ಕೊಟ್ಟಿತು. "ಹಂಗಿದ್ರ ಛಲೋ ಆತು" ಎಂದು ನಕ್ಕಳು. ನಿಂತಲ್ಲೇ ಒಂದೊಂದು ಹೆಜ್ಜೆ ಕಿತ್ತಿಟ್ಟು ತಿರುಗಿದಳು. ಬಡಗಣದಲ್ಲಿ ನೀರು, ತೆಂಕಣದಲ್ಲಿ ನೀರು. ಮೂಡಣಕ್ಕೆ ಬಂದಾಗ ಮೊದಲು ಕಂಡದ್ದು ನೀಲಿ ಗುಡ್ಡದ ಸಾಲು. ಅಲ್ಲೇ ನಿಂತು ಮುಖ ಸಪ್ಪೆ ಮಾಡಿದಳು.

"ಇಲ್ಲಿ ನೆಲ ಐತಿ."

"ಒಂದೀಟು ತೆಳಗ ನೋಡ್ರಿ ಅತ್ತಿ" ಎಂದಳು ಸೊಸೆ, ಗದ್ದ ಹಿಡಿದು ಮುಖವನ್ನು ಸ್ವಲ್ಪ ಬಗ್ಗಿಸಿದಳು. ಗುಡ್ಡಕ್ಕೂ ನಮಗೂ ನಡುವೆ ಬಿಸಿಲಲ್ಲಿ ಹೊಳೆಯುವ ನೀರಿನ ಪಟ್ಟಿ ಇತ್ತು.

"ಐತಿ" ಎಂದಳು ಆಯಿ. "ನಾಕೂ ಆದವು. ಆ ಗುಡ್ಡದ ಆಚಿ ಏನೈತಿ?"

"ಘಟ್ಟ ಹತ್ತಿ ಹೋದ್ರ ನಮ್ಮೂರು."

ಆಕೆ ಆ ಕಡೆಗೆ ಕೈ ಮುಗಿದಳೋ, ಕಣ್ಣಿಗೆ ಬಿಸಿಲು ಮರೆ ಮಾಡಿದಳೋ ನನಗೆ ತಿಳಿಯಲಿಲ್ಲ. ಆಮೇಲೆ ಕಲ್ಲಿನ ಮೇಲೆ ಕೂತು ತಾನಾಗಿ ಬಾಟಲಿ ಕೇಳಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಇಟ್ಟುಕೊಂಡು ನುಂಗಿದಳು. ಮುಚ್ಚಳ ಹಾಕಿ ವಾಪಸ್ ಕೊಟ್ಟಳು.

"ಇಷ್ಟು ನೀರು ಇಟಗೊಂಡು ಒಂದು ತಂಬಗಿ ಕುಡ್ಯಾಕ ಕೊಡಂಗಿಲ್ಲ ನೋಡು ಇದು. ನಮ್ಮ ಹಳ್ಳ ಬರೇ ಮರಳು. ಆದ್ರೂ ಯಾರನ್ನೂ ಬರಿಗೈಲೆ ಕಳಸಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಇರಲಿ. ಚಂದ ಐತಿ. ಭಾಳ ಚಂದ ಐತಿ."

ಸೊಸೆ ಮುಖ ಆಚೆ ತಿರುಗಿಸಿಕೊಂಡಳು. ಬಾಟಲಿಯಲ್ಲಿ ನೀರಿದ್ದರೂ ನಾವಿಬ್ಬರೂ ಕುಡಿಯಲಿಲ್ಲ, ಹಾಗೇ ಕೆಳಗೆ ತಂದು ಟೀಚರಿಗೆ ಒಪ್ಪಿಸಿದೆವು.

ಕಡಲು ಏರಿತು. ದೋಣಿ ಬಂತು, ಕ್ಯಾನುಗಳೂ ಬಂದವು. ಮುಗಿಬೀಳುತ್ತಾರೆ ಎಂದು ನಾನು ಸೀಟಿ ವಾಪಸ್ ತಗೊಂಡು ನಿಂತಿದ್ದೆ. ಆದರೆ ಯಾರೋ ಮೊದಲ ಲೋಟವನ್ನು ಆಯಿಗೆ ಒಯ್ದರು. ಬೆಳಗ್ಗೆ ಕಣ್ಣು ಕಾಣದವರ ಕಾರಭಾರ ಅಂದವಳೇ ಇರಬೇಕು. ಆಯಿ ಅದನ್ನು ಪಕ್ಕದವಳಿಗೆ ದಾಟಿಸಿದಳು. ಎಲ್ಲರದೂ ಆದ ಮೇಲೆ ಕುಡಿದಳು. ಖಾರದ ಡಬ್ಬಿ ವಾಪಸ್ ಕೇಳಿದವಳಿಗೆ ಅದನ್ನು ಕೊಟ್ಟೆ. ಪರದೆ ಸುತ್ತಿ, ಗಳ ಕಿತ್ತು, ಬುಟ್ಟಿಗಳನ್ನು ದೋಣಿಗೆ ಸಾಗಿಸಿದೆವು. ಹೊತ್ತು ಕೆಂಪಾಗುತ್ತಿತ್ತು. ದೋಣಿಯಾತ ಹೊರಡಿ ಎಂದು ಕೈ ಮಾಡುತ್ತಿದ್ದ. ತಲೆ ಎಣಿಸಿದರೆ ಒಂದು ಕಡಿಮೆ ಬಂತು.

ಆಯಿ ಗುಡ್ಡದ ಬುಡದಲ್ಲಿ ಕೂತಿದ್ದಳು. ಎರಡೂ ಕೈಯಿಂದ ಮರಳನ್ನು ಎಳೆದು ಸವಳು ಗುಂಡಿಗೆ ತುಂಬುತ್ತಿದ್ದಳು. ಕೆಳಗಿನ ಎರಡು ಗುಂಡಿಗಳನ್ನು ಆಗಲೇ ಅಲೆ ಸಪಾಟು ಮಾಡಿತ್ತು. ಇದೊಂದು ಅಲೆ ಮುಟ್ಟದ ಜಾಗದಲ್ಲಿತ್ತು. ಬೆಳಕು ಇಳಿದಿದ್ದರಿಂದ ಆಕೆಗೆ ಗುಂಡಿ ಕಾಣುತ್ತಿರಲಿಲ್ಲ, ಕೈಯಿಂದಲೇ ಅಂಚು ಹುಡುಕುತ್ತಿದ್ದಳು.

"ಹೊತ್ತಾತು ಆಯಿ. ಬಿಡು ಅದನ್ನ, ಮುಚ್ಚೂದು ಯಾಕ?" ಎಂದೆ.

"ಬಾಯಾರಿದವರು ಯಾರರ ಬರತಾರ. ತಿಳಿ ನೀರು ಕಂಡು ಆಸಿ ಪಡತಾರ" ಎಂದಳು, ಕೈ ನಿಲ್ಲಿಸದೆ. "ಎಷ್ಟು ವರತಿ ತೋಡೇನೋ ಲೆಕ್ಕ ಇಲ್ಲವ್ವ. ಮುಚ್ಚಿದ್ದು ಇದ ಮೊದಲು."

ಸೊಸೆ ಬಂದು ಎದುರು ಕೂತು ಮರಳು ಎಳೆಯತೊಡಗಿದಳು. ನಾನೂ ಕೂತೆ. ದೋಣಿಯಾತ ಕೂಗುತ್ತಿದ್ದ, ಕೂಗಲಿ ಎಂದು ಬಿಟ್ಟೆ. ಗುಂಡಿ ತುಂಬಿ ನೆಲಕ್ಕೆ ಸಮ ಆದ ಮೇಲೆ ಆಯಿ ಅಂಗೈಯಿಂದ ಅದನ್ನು ನಾಲ್ಕೂ ಕಡೆ ತಟ್ಟಿ ನೋಡಿದಳು. ಎಲ್ಲೂ ತಗ್ಗು ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಸೊಸೆಯ ಭುಜ ಹಿಡಿದು ಎದ್ದಳು.

"ಇನ್ನ ನಡೀರಿ, ಹೋಗೂಣು" ಎಂದಳು.